ದಿವಾಳಿ ನಿರ್ಬಂಧದ ನಡುವೆ ಸ್ವಂತ ದುಡಿಮೆ: ಇಂಗ್ಲೆಂಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ. ಇಂಗ್ಲೆಂಡಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದುಕೊಡುವವನು. ಯುಗಾದಿ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತವರು, ರಾತ್ರಿ ಫೋನ್ ಮಾಡುವವರು, ಮೇಲ್ ಬರೆಯುವವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರು ಮಾತು ಶುರು ಮಾಡುವುದು ‘ನನ್ನ ಫ್ರೆಂಡ್ ಒಬ್ಬರಿಗೆ ಹೀಗಾಗಿದೆ’ ಎಂದು. ಪರವಾಗಿಲ್ಲ, ಫ್ರೆಂಡ್‌ಗೂ ಉತ್ತರ ಅದೇ.

ಇಲ್ಲಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಕಾಯ್ದೆಯೇ ಬೇರೆ.

## ಮೊದಲ ಗಾಬರಿ

ದಿವಾಳಿ ಆದ ಮೇಲೆ ಸ್ವಂತ ಕೆಲಸ ಮಾಡೋ ಹಾಗೇ ಇಲ್ವಾ?

ಮಾಡಬಹುದು. ದಿವಾಳಿ ಆದೇಶ ಬಂದ ಮರುದಿನವೇ ಸೋಲ್ ಟ್ರೇಡರ್ ಆಗಿ, ಅಂದರೆ ಕಂಪನಿ ಮಾಡದೆ ನಿಮ್ಮ ಸ್ವಂತ ಹೊಣೆಯಲ್ಲಿ, ದುಡಿಮೆ ಶುರು ಮಾಡಬಹುದು. ಟ್ಯಾಕ್ಸಿ ಓಡಿಸಿ, ಪ್ಲಂಬಿಂಗ್ ಮಾಡಿ, ಮನೆಯಿಂದ ದೋಸೆ ಹಿಟ್ಟು ಮಾರಿ, ಗಣಿತದ ಟ್ಯೂಷನ್ ಹೇಳಿ. ಇದಕ್ಕೆ ಕೋರ್ಟಿನ ಅನುಮತಿ ಬೇಕಿಲ್ಲ. ಕಾನೂನಿಗೆ ನಿಮ್ಮ ದುಡಿಮೆಯ ಮೇಲೆ ಸಿಟ್ಟಿಲ್ಲ. ಅದಕ್ಕೆ ಆಗದಿರುವುದು ಮುಚ್ಚಿಡುವುದು. ಕೆಳಗಿನ ನಿಯಮಗಳಲ್ಲಿ ಮುಕ್ಕಾಲು ಪಾಲು ಬರುವುದು ಅಲ್ಲಿಂದಲೇ.

ಕೆಲವು ವೃತ್ತಿಗಳ ಕತೆ ಮಾತ್ರ ಬೇರೆ. ಸಾಲಿಸಿಟರ್ ದಿವಾಳಿಯಾದರೆ ಅವರ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ತಾನಾಗೇ ಅಮಾನತಾಗುತ್ತದೆ. ಹಣಕಾಸಿನ ಸಲಹೆ ಕೊಡುವ ಕೆಲಸಗಳಲ್ಲೂ ನಿಯಂತ್ರಕರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಲೈಸೆನ್ಸ್ ಬೇಕಾದ ಕೆಲಸವಾದರೆ, ಲೈಸೆನ್ಸ್ ಕೊಡುವವರನ್ನು ಮೊದಲೇ ಕೇಳಿ.

ಈ ನಿರ್ಬಂಧ ಎಷ್ಟು ದಿನ ಇರುತ್ತೆ? ಜೀವನಪೂರ್ತಿನಾ?

ಸಾಮಾನ್ಯವಾಗಿ 12 ತಿಂಗಳು. ಆದೇಶ ಬಂದ ದಿನದಿಂದ ಎಣಿಸಿ. ವರ್ಷ ತುಂಬಿದಾಗ ಯಾರಿಗೂ ಅರ್ಜಿ ಹಾಕದೆ ತಾನಾಗೇ ಬಿಡುಗಡೆ ಸಿಗುತ್ತದೆ. 2004ರ ಏಪ್ರಿಲ್‌ನಿಂದ ಈ ಪದ್ಧತಿ ಇದೆ.

ಆದರೆ ಎರಡು ತೊಡಕುಗಳಿವೆ. ಅಫಿಷಿಯಲ್ ರಿಸೀವರ್, ಅಂದರೆ ನಿಮ್ಮ ದಿವಾಳಿಯನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಕೇಳಿದ ಮಾಹಿತಿ ಕೊಡದೆ ಸತಾಯಿಸಿದರೆ ಕೋರ್ಟು ಈ ಗಡಿಯಾರವನ್ನೇ ನಿಲ್ಲಿಸಬಹುದು. ಎರಡನೆಯದು, ನಿಮ್ಮ ನಡತೆಯಲ್ಲಿ ತಪ್ಪು ಕಂಡರೆ ‘ಬ್ಯಾಂಕ್‌ರಪ್ಟ್ಸಿ ರಿಸ್ಟ್ರಿಕ್ಷನ್ಸ್ ಆರ್ಡರ್’ ಬರಬಹುದು. ಎಲ್ಲರೂ ಬಿಆರ್‌ಒ ಎನ್ನುತ್ತಾರೆ. ಅದರ ಅವಧಿ ಕನಿಷ್ಠ 2 ವರ್ಷ, ಗರಿಷ್ಠ 15 ವರ್ಷ. ಆಗ ದಿವಾಳಿಯಿಂದ ಬಿಡುಗಡೆ ಸಿಕ್ಕರೂ ನಿರ್ಬಂಧ ಮುಂದುವರಿಯುತ್ತದೆ. ‘ನನ್ನದು ಮುಗೀತು’ ಎನ್ನುವ ಮೊದಲು ದಿವಾಳಿ, ಬಿಆರ್‌ಒ ಇವೆರಡರಲ್ಲಿ ಯಾವುದು ಮುಗಿದಿದೆ ನೋಡಿಕೊಳ್ಳಿ.

ಸರಿ, ನಿಜವಾಗಿ ಏನೇನು ಮಾಡಬಾರದು? ನೇರವಾಗಿ ಹೇಳಿ.

ವ್ಯಾಪಾರ ಮಾಡುವವರಿಗೆ ಮುಖ್ಯವಾದವು ಮೂರು. ನಿಮ್ಮ ಸ್ಥಿತಿ ಹೇಳದೆ ಒಬ್ಬರಿಂದ 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಸಾಲ ಪಡೆಯಬಾರದು. ದಿವಾಳಿ ಆದೇಶದಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ವ್ಯವಹಾರ ಮಾಡುವುದಾದರೆ, ಆದೇಶದ ಹೆಸರನ್ನು ತಿಳಿಸದೆ ಮಾಡಬಾರದು. ಕೋರ್ಟಿನ ಅನುಮತಿ ಇಲ್ಲದೆ ಕಂಪನಿಯ ಡೈರೆಕ್ಟರ್ ಆಗಬಾರದು, ಕಂಪನಿ ಹುಟ್ಟುಹಾಕುವುದರಲ್ಲೂ ನಡೆಸುವುದರಲ್ಲೂ ಕೈಹಾಕಬಾರದು.

ಈ ಮೂರರಲ್ಲಿ ಯಾವುದನ್ನು ಮುರಿದರೂ ಅದು ಅಪರಾಧ. 2 ವರ್ಷದವರೆಗೆ ಜೈಲು ಆಗಬಹುದು, ದಂಡ ಬೀಳಬಹುದು, ಎರಡೂ ಆಗಬಹುದು.

ಗಿರಾಕಿಗಳಿಗೆ, ಊರಿನವರಿಗೆ ಗೊತ್ತಾಗಿಬಿಡುತ್ತಾ?

ಹುಡುಕಿದವರಿಗೆ ಸಿಗುತ್ತದೆ. ದಿವಾಳಿ ಆದೇಶ ಸರ್ಕಾರಿ ಪ್ರಕಟಣೆಗಳ ಪತ್ರಿಕೆಯಾದ ‘ಲಂಡನ್ ಗೆಜೆಟ್’ನಲ್ಲಿ ಪ್ರಕಟವಾಗುತ್ತದೆ. ಇನ್‌ಸಾಲ್ವೆನ್ಸಿ ರಿಜಿಸ್ಟರ್, ಅಂದರೆ ದಿವಾಳಿಯಾದವರ ಹೆಸರಿರುವ ಸರ್ಕಾರಿ ಪಟ್ಟಿ, ಆನ್‌ಲೈನ್‌ನಲ್ಲಿದೆ, ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಬಿಡುಗಡೆಯಾಗಿ 3 ತಿಂಗಳಿಗೆ ಹೆಸರು ಅಲ್ಲಿಂದ ಹೋಗುತ್ತದೆ. ಬಿಆರ್‌ಒ ಇದ್ದರೆ ಅದು ಮುಗಿಯುವವರೆಗೆ ಇರುತ್ತದೆ. ಸಾಲ ಕೊಡುವವರು ನೋಡುವ ನಿಮ್ಮ ಕ್ರೆಡಿಟ್ ಫೈಲ್‌ನಲ್ಲಿ ಆದೇಶದ ದಿನದಿಂದ 6 ವರ್ಷ ಕಾಣುತ್ತದೆ.

ಶಿವಮೊಗ್ಗದ ಚಿಕ್ಕಪ್ಪ ಗೆಜೆಟ್ ತೆಗೆದು ನೋಡುವುದಿಲ್ಲ, ನಿಜ. ಆದರೆ ಸರಕು ಕೊಡುವ ಹೋಲ್‌ಸೇಲ್‌ನವರು ನೋಡುತ್ತಾರೆ. ಅವರಿಗೆ ನಿಮ್ಮ ಬಾಯಿಂದಲೇ ಮೊದಲು ಗೊತ್ತಾಗುವುದು ಒಳ್ಳೆಯದು.

## ಶುರು ಮಾಡುವಾಗ

ನನ್ನ ಟೂಲ್ಸ್, ವ್ಯಾನ್ ಎಲ್ಲ ಕಿತ್ಕೊಂಡು ಹೋಗ್ತಾರಾ?

ನಿಮ್ಮ ಕಸುಬಿಗೆ ನೀವೇ ಬಳಸುವ, ಇಲ್ಲದಿದ್ದರೆ ಕೆಲಸ ನಡೆಯದ ಸಲಕರಣೆ, ಪುಸ್ತಕ, ವಾಹನಗಳನ್ನು ಕಾನೂನು ನಿಮಗೇ ಬಿಡುತ್ತದೆ. ಎಲೆಕ್ಟ್ರಿಷಿಯನ್‌ಗೆ ಟೆಸ್ಟರ್ ಮತ್ತು ಡ್ರಿಲ್, ಅಡುಗೆಯವರಿಗೆ ಗ್ರೈಂಡರ್, ಟ್ಯಾಕ್ಸಿಯವರಿಗೆ ಕಾರು. ಆದರೆ 20 ಸಾವಿರ ಪೌಂಡಿನ ಕಾರು ‘ಕಸುಬಿಗೆ ಬೇಕು’ ಎಂದರೆ ನಿಮ್ಮ ದಿವಾಳಿ ನೋಡಿಕೊಳ್ಳುವವರು ಅದನ್ನು ಮಾರಿ, ಕೆಲಸ ನಡೆಯುವಷ್ಟು ಬೆಲೆಯ ಇನ್ನೊಂದಕ್ಕೆ ನಿಮಗೆ ದುಡ್ಡು ಕೊಡಬಹುದು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸರಕು ಸಲಕರಣೆಯಲ್ಲ, ಅದು ಹೋಗುತ್ತದೆ. ಕಂತಿನಲ್ಲಿ ತಂದ ಕಾರು ಇನ್ನೂ ಫೈನಾನ್ಸ್ ಕಂಪನಿಯದೇ. ಅವರು ಒಪ್ಪಂದ ನೋಡಿ ತೀರ್ಮಾನಿಸುತ್ತಾರೆ.

ಟ್ಯಾಕ್ಸ್‌ನವರಿಗೆ ಏನು ಹೇಳಬೇಕು?

ಎಲ್ಲ ಸೋಲ್ ಟ್ರೇಡರ್‌ಗಳು ಹೇಳುವುದನ್ನೇ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ವರ್ಷದ ಒಟ್ಟು ವ್ಯಾಪಾರ 1,000 ಪೌಂಡ್ ದಾಟಿದರೆ, ಆ ವರ್ಷ ಮುಗಿದ ನಂತರದ ಅಕ್ಟೋಬರ್ 5ರ ಒಳಗೆ ಇಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಲ್ಲಿ ನೋಂದಾಯಿಸಿ. ಆನ್‌ಲೈನ್ ರಿಟರ್ನ್‌ಗೆ ಜನವರಿ 31 ಕೊನೆಯ ದಿನ. ತಿಂಡಿ ಮಾಡಿ ಮಾರುವವರು ಶುರು ಮಾಡುವ 28 ದಿನ ಮೊದಲು ತಮ್ಮ ಊರಿನ ಕೌನ್ಸಿಲ್‌ನಲ್ಲೂ ನೋಂದಾಯಿಸಬೇಕು. ಅದಕ್ಕೆ ಶುಲ್ಕವಿಲ್ಲ.

ಜನ ಎಡವುವುದು ಇಲ್ಲಿ: ಹಳೆಯ ತೆರಿಗೆ ಬಾಕಿ ದಿವಾಳಿಯ ಒಳಗೆ ಸೇರಿತು ಅಂತ ನಿರಾಳವಾಗುತ್ತಾರೆ. ಹೊಸ ಗಳಿಕೆಯ ತೆರಿಗೆ ಯಾವ ದಿವಾಳಿಯ ಒಳಗೂ ಸೇರುವುದಿಲ್ಲ. ಪ್ರತಿ ಬಿಲ್ಲಿನ ಹಣ ಬಂದ ದಿನವೇ ಒಂದು ಪಾಲು ಎತ್ತಿಡಿ. ನಾನು ನೋಡಿದ ಎರಡನೇ ಸಲದ ಸಂಕಷ್ಟಗಳೆಲ್ಲ ಜನವರಿಯಲ್ಲೇ ಶುರುವಾದವು.

ಬ್ಯಾಂಕ್ ಅಕೌಂಟ್ ಕೊಡ್ತಾರಾ?

ಬೇಸಿಕ್ ಅಕೌಂಟ್ ಸಿಗುತ್ತದೆ. ಓವರ್‌ಡ್ರಾಫ್ಟ್ ಇಲ್ಲ, ಚೆಕ್ ಪುಸ್ತಕ ಇಲ್ಲ, ಡೆಬಿಟ್ ಕಾರ್ಡ್ ಇರುತ್ತದೆ. ದೊಡ್ಡ ಬ್ಯಾಂಕುಗಳು ಇದನ್ನು ಕೊಡಲೇಬೇಕು. ತೊಂದರೆ ಏನೆಂದರೆ ಅದು ಸ್ವಂತ ಖರ್ಚಿಗೆ ಇರುವ ಅಕೌಂಟ್, ವ್ಯಾಪಾರದ ಹಣ ಹರಿಸಿದರೆ ಕೆಲವು ಬ್ಯಾಂಕು ಒಪ್ಪುವುದಿಲ್ಲ. ಷರತ್ತು ಓದಿ, ಕೇಳಿ. ಹೆಂಡತಿಯ ಅಥವಾ ತಮ್ಮನ ಅಕೌಂಟಿಗೆ ಗಿರಾಕಿಗಳಿಂದ ದುಡ್ಡು ಹಾಕಿಸಬೇಡಿ. ಅದು ಗಳಿಕೆ ಬಚ್ಚಿಟ್ಟ ಹಾಗೆ ಕಾಣುತ್ತದೆ. ವಿವರಿಸಲು ಹೋದಷ್ಟೂ ಕೆಟ್ಟದಾಗಿ ಕಾಣುತ್ತದೆ.

ನಾನು ವೀಸಾದಲ್ಲಿ ಇದ್ದೀನಿ. ಆದ್ರೂ ಸ್ವಂತ ಕೆಲಸ ಮಾಡಬಹುದಾ?

ಇದು ದಿವಾಳಿಯ ಪ್ರಶ್ನೆಯಲ್ಲ, ವಲಸೆ ಕಾನೂನಿನ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ದಾಟಬೇಕು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ನಿಷಿದ್ಧ. ಸ್ಪಾನ್ಸರ್ ಇರುವ ಕೆಲಸದ ವೀಸಾದಲ್ಲಿದ್ದರೆ ವಲಸೆ ಸಲಹೆಗಾರರನ್ನು ಕೇಳದೆ ಒಂದು ಬಿಲ್ಲನ್ನೂ ಬರೆಯಬೇಡಿ.

ನನ್ನ ಹೆಸರು ಪಾಸ್‌ಪೋರ್ಟಲ್ಲಿ ಒಂಥರ, ಬಿಸಿನೆಸ್ ಕಾರ್ಡಲ್ಲಿ ಒಂಥರ. ತೊಂದರೆ ಆಗುತ್ತಾ?

ಆಗಬಹುದು. ಈ ಪ್ರಶ್ನೆ ನಮ್ಮವರದ್ದೇ, ಇಂಗ್ಲಿಷರು ಕೇಳಿದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಅವು ಬಿಡಿಸಿಕೊಂಡು ಸರ್‌ನೇಮ್ ಜಾಗದಲ್ಲಿ ಕೂರುತ್ತವೆ. ದಿವಾಳಿ ಆದೇಶ ‘ಮಂಜುನಾಥ ತೀರ್ಥಹಳ್ಳಿ ರಾಮಯ್ಯ’ ಎಂಬ ಹೆಸರಿನಲ್ಲಿ ಇದೆ ಅಂದುಕೊಳ್ಳಿ. ನೀವು ಕಾರ್ಡಿನಲ್ಲಿ ‘ಟಿ. ಆರ್. ಮಂಜು’ ಎಂದು ಹಾಕಿಕೊಂಡು ಕೆಲಸ ಹಿಡಿಯುತ್ತೀರಿ. ನಿಮ್ಮ ಲೆಕ್ಕದಲ್ಲಿ ಎರಡೂ ಒಂದೇ. ಕಾನೂನಿನ ಕಣ್ಣಿಗೆ ಅದು ಬೇರೆ ಹೆಸರು ಎನಿಸಬಹುದು.

‘ಮಲೆನಾಡು ತಿಂಡಿ’ ಅಂತ ವ್ಯಾಪಾರದ ಹೆಸರು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ವ್ಯವಹಾರ ಮಾಡುವ ಪ್ರತಿಯೊಬ್ಬರಿಗೂ ಆದೇಶದಲ್ಲಿರುವ ಹೆಸರು ಗೊತ್ತಾಗಬೇಕು. ಸುಲಭ ದಾರಿ: ಕೊಟೇಶನ್, ಬಿಲ್ಲು, ಮೇಲ್‌ನ ಕೆಳಗೆ ‘ಮಲೆನಾಡು ತಿಂಡಿ, ನಡೆಸುವವರು:’ ಎಂದು ಬರೆದು ಆದೇಶದಲ್ಲಿರುವ ಹಾಗೆಯೇ, ಅಕ್ಷರ ಬಿಡದೆ ಹೆಸರು ಹಾಕಿ.

ಇಲ್ಲೊಂದು ಸೂಕ್ಷ್ಮವಿದೆ. ಈ ನಿಯಮ ಕೇಳುವುದು ಹೆಸರನ್ನು ಮಾತ್ರ. ಮೆನು ಕಾರ್ಡಿನ ಮೇಲೆ ‘ನಾನು ದಿವಾಳಿ’ ಎಂದು ಬರೆಯಬೇಕಿಲ್ಲ. ದಿವಾಳಿ ಎಂದು ಬಾಯಿಬಿಟ್ಟು ಹೇಳಬೇಕಾದದ್ದು ಸಾಲದ ಮಾತು ಬಂದಾಗ.

## ದುಡ್ಡಿನ ವ್ಯವಹಾರ

ಅಂಗಡಿಗೆ ಅಕ್ಕಿ, ಬೇಳೆ ಉದ್ರಿ ತರ್ತೀನಿ. ಅದೂ ಸಾಲದ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಈಗ ಸರಕು, ತಿಂಗಳಾದ ಮೇಲೆ ದುಡ್ಡು ಎಂದರೆ ಅದು ಸಾಲವೇ. 500 ಪೌಂಡಿನ ಮಿತಿಯನ್ನು ಸಾಲ ಕೊಟ್ಟ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನೋಡುತ್ತಾರೆ, ಆದರೆ ಒಬ್ಬರದೇ ಬಾಕಿಗಳನ್ನು ಕೂಡಿಸುತ್ತಾರೆ. ಒಂದೇ ಹೋಲ್‌ಸೇಲ್‌ನವರಿಗೆ 130 ಪೌಂಡಿನ ನಾಲ್ಕು ಬಿಲ್ಲು ಬಾಕಿ ಉಳಿದರೆ 520 ಆಯಿತು. ಪ್ರತಿ ಬಿಲ್ಲೂ ಚಿಕ್ಕದು ಎಂಬ ವಾದ ನಡೆಯುವುದಿಲ್ಲ.

ಹಾಗೆಂದು 500ರ ಮೇಲೆ ಸಾಲ ನಿಷಿದ್ಧ ಎಂದಲ್ಲ. ‘ನಾನು ದಿವಾಳಿಯಲ್ಲಿದ್ದೇನೆ, ಇನ್ನೂ ಬಿಡುಗಡೆಯಾಗಿಲ್ಲ’ ಎಂದು ಮೊದಲೇ ತಿಳಿಸಿ, ಅವರು ಒಪ್ಪಿದರೆ ಎಷ್ಟಾದರೂ ಕೊಡಲಿ. ಬರವಣಿಗೆಯಲ್ಲಿ ತಿಳಿಸಿ. ಬಾಯಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ. ನನ್ನ ಕೇಳಿದರೆ ಮೊದಲ ವರ್ಷ ಕ್ಯಾಶ್ ಅಂಡ್ ಕ್ಯಾರಿಯಲ್ಲಿ ದುಡ್ಡು ಕೊಟ್ಟು ತನ್ನಿ. ಲಾಭ ಸ್ವಲ್ಪ ಕಮ್ಮಿಯಾಗುತ್ತದೆ, ನಿದ್ದೆ ಜಾಸ್ತಿ ಬರುತ್ತದೆ.

ಗೃಹಪ್ರವೇಶದ ಅಡುಗೆಗೆ 600 ಪೌಂಡ್ ಅಡ್ವಾನ್ಸ್ ತಗೊಂಡೆ. ನಾನು ಸಾಲ ಮಾಡಿಲ್ವಲ್ಲ?

ಮಾಡಿದ್ದೀರಿ! ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಸರಕು ಕೊಡುವ ಮೊದಲು, ಕೆಲಸ ಮಾಡುವ ಮೊದಲು ಪಡೆದ ಹಣವೂ ಸಾಲ ಪಡೆದ ಹಾಗೆಯೇ ಎಂದು 1986ರ ಇನ್‌ಸಾಲ್ವೆನ್ಸಿ ಆಕ್ಟ್‌ನ 360ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಯೋಚಿಸಿದರೆ ಅರ್ಥವಾಗುತ್ತದೆ. ದುಡ್ಡು ನಿಮ್ಮ ಕೈಯಲ್ಲಿದೆ, ಊಟ ಇನ್ನೂ ಅವರ ಎಲೆಗೆ ಬಿದ್ದಿಲ್ಲ. ಅಲ್ಲಿಯವರೆಗೆ ನೀವು ಅವರಿಗೆ ಬಾಕಿ ಇದ್ದೀರಿ.

ಅಡುಗೆ ಕಾಂಟ್ರಾಕ್ಟಿನವರು, ಕಿಚನ್ ಫಿಟ್ ಮಾಡುವವರು, ಮದುವೆ ಫೋಟೋ ತೆಗೆಯುವವರು, ಇಡೀ ಟರ್ಮ್‌ನ ಫೀಸು ಒಟ್ಟಿಗೆ ತೆಗೆದುಕೊಳ್ಳುವ ಸಂಗೀತ ಮೇಷ್ಟ್ರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ದಾರಿಗಳಿವೆ. ಅಡ್ವಾನ್ಸ್ 500ಕ್ಕಿಂತ ಕಡಿಮೆ ಇಡಿ. ಸಾಮಾನಿನ ದುಡ್ಡನ್ನು ಗಿರಾಕಿಯೇ ನೇರವಾಗಿ ಅಂಗಡಿಗೆ ಕೊಡಲಿ. ಕಿಚನ್ ಕೆಲಸವಾದರೆ ಹಂತ ಹಂತವಾಗಿ, ಮುಗಿದ ಕೆಲಸಕ್ಕೆ ಮಾತ್ರ ಬಿಲ್ ಮಾಡಿ. ಫೀಸು ತಿಂಗಳ ಕೊನೆಗೆ ತೆಗೆದುಕೊಳ್ಳಿ. ಇವು ಯಾವುವೂ ಆಗದಿದ್ದರೆ ಗಿರಾಕಿಗೆ ನಿಮ್ಮ ಸ್ಥಿತಿ ಹೇಳಿ, ಆಮೇಲೆ ಹಣ ಪಡೆಯಿರಿ.

ಮಾವ ಊರಿಂದ ಸ್ವಲ್ಪ ದುಡ್ಡು ಕಳಿಸ್ತೀನಿ ಅಂತಾರೆ. ಚೀಟಿನೂ ಒಂದು ಇದೆ. ಮನೆಯವರ ದುಡ್ಡಿಗೂ ರೂಲ್ಸಾ?

ಮನೆಯವರಿಗೆ ವಿನಾಯಿತಿ ಇಲ್ಲ. ಮಾವ 500 ಪೌಂಡ್ ಅಥವಾ ಮೇಲ್ಪಟ್ಟು ಸಾಲ ಕೊಡುವುದಾದರೆ ಅವರಿಗೂ ವಿಷಯ ಹೇಳಬೇಕು. ಬ್ಯಾಂಕಿಗೆ ಹೇಳುವುದಕ್ಕಿಂತ ಇದು ಕಷ್ಟ, ಗೊತ್ತು. ‘ಸಾಲ ಅಲ್ಲ, ಇಟ್ಕೋ’ ಎಂದು ಕೊಟ್ಟರೆ ಅದು ದಿವಾಳಿ ನಡೆಯುವಾಗ ಬಂದ ಆಸ್ತಿ. 21 ದಿನದ ಒಳಗೆ ಟ್ರಸ್ಟಿಗೆ, ಅಂದರೆ ದಿವಾಳಿಯಾದವರ ಆಸ್ತಿಯನ್ನು ಸಾಲ ಕೊಟ್ಟವರಿಗಾಗಿ ನೋಡಿಕೊಳ್ಳುವವರಿಗೆ, ತಿಳಿಸಬೇಕು. ನಿಮಗೆ ಸಾಲ ಕೊಟ್ಟವರ ಪಾಲಿಗೆ ಅದನ್ನು ಕೇಳುವ ಹಕ್ಕು ಟ್ರಸ್ಟಿಗಿದೆ.

ಚೀಟಿಯ ವಿಷಯ ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಓದಿಲ್ಲ. ಆದರೆ ಮೊದಲೇ ಚೀಟಿ ಎತ್ತಿದರೆ ಉಳಿದ ಕಂತು ಕಟ್ಟುವ ಹೊಣೆ ನಿಮ್ಮ ಮೇಲಿರುತ್ತದೆ ಅಲ್ವಾ? ನಾನು ಅದನ್ನು ಸಾಲವೆಂದೇ ಎಣಿಸುತ್ತೇನೆ. ದಿವಾಳಿಗೆ ಮೊದಲು ಕಟ್ಟಿದ ಚೀಟಿಯ ಹಣ ಬರಬೇಕಿದ್ದರೆ ಅದು ಆಸ್ತಿ, ಅಫಿಷಿಯಲ್ ರಿಸೀವರ್‌ಗೆ ಕೊಡುವ ಪಟ್ಟಿಯಲ್ಲಿ ಸೇರಿಸಿ.

ಕಷ್ಟಪಟ್ಟು ದುಡಿದ ಲಾಭ ಎಲ್ಲ ಅವರೇ ತಗೊಂಡ್ರೆ ಯಾಕೆ ದುಡೀಬೇಕು?

ಎಲ್ಲ ತೆಗೆದುಕೊಳ್ಳುವುದಿಲ್ಲ. ವ್ಯಾಪಾರದ ಖರ್ಚು, ತೆರಿಗೆ, ಮನೆ ಬಾಡಿಗೆ, ಊಟ, ಮಕ್ಕಳ ಖರ್ಚು ಕಳೆದು ತಿಂಗಳಿಗೆ 20 ಪೌಂಡ್‌ಗಿಂತ ಜಾಸ್ತಿ ಉಳಿದರೆ ಅದರಲ್ಲಿ ಕಟ್ಟಲು ಹೇಳಬಹುದು. ಇದಕ್ಕೆ ಇನ್‌ಕಮ್ ಪೇಮೆಂಟ್ಸ್ ಅಗ್ರಿಮೆಂಟ್ ಎಂದು ಹೆಸರು. ನೀವು ಒಪ್ಪದಿದ್ದರೆ ಕೋರ್ಟು ಆದೇಶ ಕೊಡಬಹುದು. ಗರಿಷ್ಠ 3 ವರ್ಷ. ಬಿಡುಗಡೆ ಸಿಕ್ಕ ಮೇಲೂ ಇದು ನಡೆಯುತ್ತದೆ, ಆದರೆ ಶುರುವಾಗಬೇಕಾದದ್ದು ಬಿಡುಗಡೆಗೆ ಮೊದಲು.

ಸ್ವಂತ ದುಡಿಮೆಯ ಪೀಕಲಾಟ ಏನೆಂದರೆ ಒಂದು ತಿಂಗಳು ತುಂಬಿ ಹರಿಯುತ್ತದೆ, ಇನ್ನೊಂದು ತಿಂಗಳು ಒಣಗಿರುತ್ತದೆ. ದಸರಾ, ದೀಪಾವಳಿ ತಿಂಗಳ ಲೆಕ್ಕ ಒಂದನ್ನೇ ತೋರಿಸಿ ಕಂತು ನಿಗದಿ ಮಾಡಿಸಿಕೊಂಡರೆ ಫೆಬ್ರವರಿಯಲ್ಲಿ ಕಷ್ಟ. ಆರು ತಿಂಗಳ ಲೆಕ್ಕ ತೋರಿಸಿ. ಗಳಿಕೆ ಇಳಿದರೆ ಕಂತು ತಪ್ಪಿಸುವ ಮೊದಲೇ ಬರೆಯಿರಿ, ಬದಲಿಸಲು ಅವಕಾಶವಿದೆ.

ಇದಲ್ಲದೆ ಬಿಡುಗಡೆಯಾಗುವವರೆಗೆ ಕನಿಷ್ಠ 6 ತಿಂಗಳಿಗೊಮ್ಮೆ ಎಷ್ಟು ಕೊಂಡಿರಿ, ಎಷ್ಟು ಮಾರಿದಿರಿ, ಲಾಭವೋ ನಷ್ಟವೋ ಎಂಬ ಲೆಕ್ಕ ಟ್ರಸ್ಟಿಗೆ ಕೊಡಬೇಕು. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಒಂದು ನೋಟ್‌ಬುಕ್ ಸಾಕು, ದಿನಾ ಬರೆದರೆ.

## ಸಿಕ್ಕು ಜಾಸ್ತಿ ಇರುವವು

ಹೆಂಡತಿ ಹೆಸರಲ್ಲಿ ಕಂಪನಿ ಮಾಡಿ ನಾನು ಹಿಂದೆ ನಿಂತು ನೋಡ್ಕೊಂಡ್ರೆ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಅತಿ ಅಪಾಯದ್ದೂ ಇದೇ. ನಿಯಮ ತಡೆಯುವುದು ಡೈರೆಕ್ಟರ್ ಎಂಬ ಪಟ್ಟವನ್ನು ಮಾತ್ರವಲ್ಲ, ನಡೆಸುವುದನ್ನು. ಬೆಲೆ ನಿಗದಿ ಮಾಡುವವರು ಯಾರು, ಬ್ಯಾಂಕಿನ ಪಾಸ್‌ವರ್ಡ್ ಯಾರ ಫೋನಿನಲ್ಲಿದೆ, ಕೆಲಸಗಾರರನ್ನು ಸೇರಿಸಿಕೊಳ್ಳುವವರು ಯಾರು ಎಂದು ನೋಡುತ್ತಾರೆ. ಎಲ್ಲದಕ್ಕೂ ಉತ್ತರ ನೀವೇ ಆದರೆ ಕಾಗದದಲ್ಲಿ ಯಾರ ಹೆಸರಿದ್ದರೂ ಉಪಯೋಗವಿಲ್ಲ. ನಿಮಗೆ ಶಿಕ್ಷೆ ಆಗಬಹುದು, ಆ ಅವಧಿಯ ಕಂಪನಿ ಸಾಲ ನಿಮ್ಮ ತಲೆಗೇ ಬರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಗೊತ್ತಿದ್ದೂ ನಿಮ್ಮ ಮಾತಿನಂತೆ ಸಹಿ ಹಾಕಿದ ಹೆಂಡತಿಯೂ ಆ ಸಾಲಕ್ಕೆ ಸ್ವಂತವಾಗಿ ಹೊಣೆಯಾಗಬಹುದು. ಮನೆಯಲ್ಲಿ ಒಬ್ಬರು ಮುಳುಗಿದ್ದಾಯಿತು, ಇನ್ನೊಬ್ಬರನ್ನೂ ಎಳೆಯುವುದು ಯಾಕೆ?

ಕಂಪನಿ ನಿಜವಾಗಿ ಅವರದೇ ಆಗಿದ್ದು, ನೀವು ಸಂಬಳಕ್ಕೆ ದೋಸೆ ಹುಯ್ಯುತ್ತಿದ್ದರೆ ತಪ್ಪಿಲ್ಲ. ನೀವೇ ನಡೆಸಬೇಕೆಂದಿದ್ದರೆ ಕೋರ್ಟಿನ ಅನುಮತಿಗೆ ಅರ್ಜಿ ಹಾಕಿ. ಅಫಿಷಿಯಲ್ ರಿಸೀವರ್‌ಗೂ ನೋಟಿಸ್ ಕೊಡಬೇಕು, ಸಾರ್ವಜನಿಕರಿಗೆ ಒಳ್ಳೆಯದಲ್ಲ ಎನಿಸಿದರೆ ಅವರು ವಿರೋಧಿಸುತ್ತಾರೆ. ಒಂದೇ ವರ್ಷದ ನಿರ್ಬಂಧಕ್ಕೆ ಆ ಖರ್ಚು ಮಾಡುವುದಕ್ಕಿಂತ ಸೋಲ್ ಟ್ರೇಡರ್ ಆಗಿ ವರ್ಷ ಕಳೆಯುವುದು ವಾಸಿ.

ಗೆಳೆಯನ ಜೊತೆ ಪಾರ್ಟ್ನರ್‌ಶಿಪ್?

ಮೊದಲೇ ಪಾಲುದಾರರಾಗಿದ್ದರೆ, ಒಬ್ಬರು ದಿವಾಳಿಯಾದ ಕೂಡಲೇ ಪಾಲುದಾರಿಕೆ ಮುರಿಯುತ್ತದೆ, ಒಪ್ಪಂದದಲ್ಲಿ ಬೇರೆ ಬರೆದುಕೊಂಡಿರದಿದ್ದರೆ. ಇದು 1890ರ ಕಾಯ್ದೆ. ಹೊಸದಾಗಿ ಸಾಮಾನ್ಯ ಪಾಲುದಾರಿಕೆ ಮಾಡಬಹುದು, ಆದರೆ ಹೆಸರು ಮತ್ತು ಸಾಲದ ನಿಯಮಗಳು ಬೆನ್ನು ಬಿಡುವುದಿಲ್ಲ. ಇಬ್ಬರೂ ಸೇರಿ ಪಡೆದ ಸಾಲವೂ ಲೆಕ್ಕಕ್ಕೆ ಬರುತ್ತದೆ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಬೇಡ, ಅದಕ್ಕೆ ಕಂಪನಿಯ ನಿಯಮವೇ.

ಕೋವಿಡ್ ಟೈಮಲ್ಲಿ ಬೌನ್ಸ್ ಬ್ಯಾಕ್ ಲೋನ್ ತಗೊಂಡಿದ್ದೆ. ಅದಕ್ಕೂ ಬಿಆರ್‌ಒ ಬರುತ್ತಾ?

ಲೋನ್ ತೀರಿಸಲಾಗಲಿಲ್ಲ ಎಂಬುದಕ್ಕೆ ಬರುವುದಿಲ್ಲ. ಪಡೆದ ರೀತಿಗೆ, ಬಳಸಿದ ರೀತಿಗೆ ಬರುತ್ತದೆ. ಕೋವಿಡ್‌ನಲ್ಲಿ ಸಣ್ಣ ವ್ಯಾಪಾರಗಳಿಗೆ ಸಾಲ ಕೊಡಲು 2020ರ ಮೇ ತಿಂಗಳಲ್ಲಿ ಶುರುವಾದ ಆ ಸರ್ಕಾರಿ ಯೋಜನೆಯಲ್ಲಿ ವಹಿವಾಟಿನ ಶೇ 25ರಷ್ಟು, ಗರಿಷ್ಠ 50,000 ಪೌಂಡ್ ಸಿಗುತ್ತಿತ್ತು. ವಹಿವಾಟು ಉಬ್ಬಿಸಿ ಬರೆದವರು, ದುಡ್ಡು ಬಂದ ವಾರವೇ ಊರಿಗೆ ಕಳಿಸಿದವರು ಈ ಬಲೆಗೆ ಬಿದ್ದಿದ್ದಾರೆ. ಆಸ್ತಿ ಬಚ್ಚಿಡುವುದು, ಜೂಜು, ತೀರಿಸಲಾಗದು ಎಂದು ಗೊತ್ತಿದ್ದೂ ಸಾಲ ಮಾಡುವುದು, ಬೇರೆಯವರನ್ನು ಬಿಟ್ಟು ಭಾವನ ಸಾಲ ಮಾತ್ರ ತೀರಿಸುವುದು, ಲೆಕ್ಕ ಇಡದಿರುವುದು, ಇವೂ ಕಾರಣಗಳೇ.

ಬಿಆರ್‌ಒಗೆ ಅರ್ಜಿ ಸಾಮಾನ್ಯವಾಗಿ ದಿವಾಳಿ ಆದೇಶದ ಒಂದು ವರ್ಷದೊಳಗೆ ಬರಬೇಕು. ಕೋರ್ಟಿಗೆ ಹೋಗದೆ ನೀವೇ ಒಪ್ಪಿಕೊಂಡು ‘ಅಂಡರ್‌ಟೇಕಿಂಗ್’ ಕೊಡಬಹುದು. ಪರಿಣಾಮ ಎರಡಕ್ಕೂ ಒಂದೇ. ಆ ಪತ್ರ ಬಂದಾಗ ಒಬ್ಬರೇ ಕೂತು ಸಹಿ ಹಾಕಬೇಡಿ. ಸ್ವಂತ ಉದ್ಯೋಗದವರಿಗೆಂದೇ ಇರುವ ‘ಬಿಸಿನೆಸ್ ಡೆಟ್‌ಲೈನ್’ಗೆ ಫೋನ್ ಮಾಡಿ. ಅವರ ಸಲಹೆ ಉಚಿತ.

ಇದೆಲ್ಲ ಇಂಗ್ಲೆಂಡಲ್ಲಿ ತಾನೆ? ಬೆಂಗಳೂರಲ್ಲಿ ಸಾಲ ಮಾಡಿ ಅಲ್ಲೇ ಅಂಗಡಿ ತೆರೆದರೆ?

ಇಂಗ್ಲೆಂಡಿನ ಹೊರಗೆ ಮಾಡಿದೆ ಎಂಬುದು ಈ ಅಪರಾಧಗಳಿಗೆ ನೆಪವಾಗುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಆಸ್ತಿಯೂ ಹಾಗೆಯೇ, ಎಲ್ಲಿದ್ದರೂ ಆಸ್ತಿ. ಹಾಸನದ ಸೈಟು, ಪಿತ್ರಾರ್ಜಿತ ಜಮೀನಿನ ಪಾಲು, ಊರಿನ ಬ್ಯಾಂಕಿನ ಎಫ್‌ಡಿ, ಎಲ್ಲವನ್ನೂ ಹೇಳಬೇಕು. ‘ಇನ್ನೂ ಪಾಲಾಗಿಲ್ಲ, ಪಹಣಿ ಅಜ್ಜನ ಹೆಸರಲ್ಲೇ ಇದೆ’ ಎಂದರೆ ಹಾಗೆಂದೇ ಬರೆದುಕೊಡಿ. ಅದು ಕೈಗೆ ಸಿಗುತ್ತದೋ ಇಲ್ಲವೋ ನೋಡುವುದು ಟ್ರಸ್ಟಿಯ ತಲೆನೋವು. ಆಸ್ತಿ ಮುಚ್ಚಿಟ್ಟರೆ 7 ವರ್ಷದವರೆಗೆ ಶಿಕ್ಷೆ ಇದೆ, ಸಾಲದ ನಿಯಮ ಮುರಿದದ್ದಕ್ಕಿಂತ ಎಷ್ಟೋ ಜಾಸ್ತಿ.

ನಾನು ಕನ್ನಡ ಸಂಘದ ಖಜಾಂಚಿ. ರಾಜೀನಾಮೆ ಕೊಡಬೇಕಾ?

ಸಂಘ ಚಾರಿಟಿ ಆಗಿದ್ದು, ನೀವು ಅದರ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದರೆ ಹೌದು. ಬಿಡುಗಡೆಯಾಗದ ದಿವಾಳಿ, ಅಥವಾ ಬಿಆರ್‌ಒ ಇರುವವರು, ಚಾರಿಟಿಯ ಟ್ರಸ್ಟಿ ಆಗುವಂತಿಲ್ಲ. ಕಮಿಟಿ ಮೆಂಬರ್ ಎಂದು ಕರೆಸಿಕೊಂಡರೂ, ಸಂಘ ನಡೆಸುವ ಹೊಣೆ ಇದ್ದರೆ ಟ್ರಸ್ಟಿಯೇ. ಚಾರಿಟಿಗಳ ನಿಯಂತ್ರಕರಾದ ಚಾರಿಟಿ ಕಮಿಷನ್‌ನವರನ್ನು ವಿನಾಯಿತಿ ಕೇಳಬಹುದು. ಕಾರಣ ಬರೆಯದೆ ‘ಸ್ವಂತ ಕೆಲಸದ ಒತ್ತಡ’ ಎಂದು ರಾಜೀನಾಮೆ ಕೊಟ್ಟವರನ್ನು ಬಲ್ಲೆ, ಅದರಲ್ಲಿ ತಪ್ಪೇನೂ ಇಲ್ಲ. ರಾಜ್ಯೋತ್ಸವದ ದಿನ ಬಡಿಸುವುದಕ್ಕೆ, ಕುರ್ಚಿ ಜೋಡಿಸುವುದಕ್ಕೆ ಯಾವ ನಿರ್ಬಂಧವೂ ಇಲ್ಲ. ಆ ದಿನದ ಊಟದ ಕಾಂಟ್ರಾಕ್ಟನ್ನು ಸಂಘ ನಿಮಗೇ ಕೊಟ್ಟರೆ ಮಾತ್ರ ಮೇಲಿನ ಅಡ್ವಾನ್ಸ್ ಪ್ರಶ್ನೆಯನ್ನು ಇನ್ನೊಂದು ಸಲ ಓದಿಕೊಳ್ಳಿ.